ವಯಸ್ಸಿಗೆ ಮೀರಿ ಓದುವ ಮಕ್ಕಳಿಗೆ ಯಾವ ಕ್ಲಾಸಿಕ್?

10-12ರ ವಯಸ್ಸಿಗೇ ದಪ್ಪ ಪುಸ್ತಕಗಳನ್ನು ಮುಗಿಸುವ ಮಕ್ಕಳಿಗೆ ದೊಡ್ಡವರು ಕೊಡುವುದು ಹೆಚ್ಚಾಗಿ ಎರಡೇ ಬಗೆ: ಮಕ್ಕಳಿಗೆಂದು ಕತ್ತರಿಸಿದ ಸಂಕ್ಷಿಪ್ತ ಆವೃತ್ತಿ, ಇಲ್ಲವೇ ಕಾಲೇಜಿನ ಪಠ್ಯದ ಕಾದಂಬರಿ. ಮೊದಲನೆಯದು ಒಂದು ಸಂಜೆಗೆ ಸಾಲದು. ಎರಡನೆಯದು 40ನೇ ಪುಟ ದಾಟುವುದಿಲ್ಲ. ಓದುವ ಶಕ್ತಿ 16ರದ್ದಾದರೂ ಅನುಭವ 11ರದ್ದೇ. ಎರಡನ್ನೂ ಬೇರೆಬೇರೆಯಾಗಿ ನೋಡಿಯೇ ಆರಿಸಬೇಕು.

ಮೊದಲು ಭಾಷೆ. ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಐದಕ್ಕಿಂತ ಹೆಚ್ಚಿದ್ದರೆ ಬೇಡ ಎನ್ನುವ ಲೆಕ್ಕ ಹಳೆಯ ಪುಸ್ತಕಗಳಿಗೆ ಹೊಂದುವುದಿಲ್ಲ. ಅಲ್ಲಿ ತೊಡಕು ಪದದ್ದಲ್ಲ, ವಾಕ್ಯದ್ದು. 19ನೇ ಶತಮಾನದ ಗದ್ಯದಲ್ಲಿ ಒಂದೇ ವಾಕ್ಯ ಐದಾರು ಸಾಲು ಹರಿಯುವುದುಂಟು. ಪುಸ್ತಕದ ನಡುವಿನ ಒಂದು ಪುಟ ತೆರೆದು ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ. ಉಚ್ಚಾರಣೆಯೆಲ್ಲ ಸರಿಯಿದ್ದೂ, ನಿಲ್ಲಿಸಬಾರದ ಕಡೆ ನಿಲ್ಲಿಸಿ ಉಸಿರೆಳೆದುಕೊಂಡರೆ ವಾಕ್ಯ ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ಇಲ್ಲಿ ಯಾರು ಯಾರ ಹತ್ರ ಮಾತಾಡ್ತಿದ್ದಾರೆ?’ ಉತ್ತರ ಬಂದರೆ ಪುಸ್ತಕ ಕೊಡಬಹುದು. ಮೊದಲ ಪುಟದಲ್ಲಿ ಈ ಪರೀಕ್ಷೆ ಮಾಡಬೇಡಿ, ಹಳೆಯ ಕಾದಂಬರಿಗಳ ಆರಂಭವೇ ಬಹಳ ಸಲ ಅತಿ ನಿಧಾನ.

ಇನ್ನು ಆವೃತ್ತಿ. ಅರ್ಧಕ್ಕರ್ಧ ಎಡವಟ್ಟು ಆಗುವುದು ಇಲ್ಲೇ. ಹೊದಿಕೆಯ ಮೇಲೆ ‘ಸಂಕ್ಷಿಪ್ತ’ ಎಂದು ಹಾಕದೆ ಕತ್ತರಿಸಿರುವ ಪುಸ್ತಕಗಳು ಬೇಕಾದಷ್ಟಿವೆ. ಅಧ್ಯಾಯ ಎಣಿಸಿದರೆ ಗೊತ್ತಾಗುತ್ತದೆ. ‘ಟ್ರೆಷರ್ ಐಲೆಂಡ್’ನಲ್ಲಿ 34 ಇರಬೇಕು, ‘ದಿ ಸೀಕ್ರೆಟ್ ಗಾರ್ಡನ್’ನಲ್ಲಿ 27. ‘ಗಲಿವರ್ಸ್ ಟ್ರಾವೆಲ್ಸ್’ (1726) ಮೂಲದಲ್ಲಿ ನಾಲ್ಕು ಭಾಗ. ಕುಳ್ಳರ ಮತ್ತು ದೈತ್ಯರ ನಾಡು ಮಾತ್ರ ಇದ್ದರೆ ಅದು ಅರ್ಧ ಪುಸ್ತಕ. ‘ಲಿಟಲ್ ವಿಮೆನ್’ 1868 ಮತ್ತು 1869ರಲ್ಲಿ ಎರಡು ಭಾಗವಾಗಿ ಬಂದದ್ದು, ಒಟ್ಟು 47 ಅಧ್ಯಾಯ. 23ಕ್ಕೆ ಮುಗಿದರೆ ನಿಮ್ಮ ಕೈಲಿರುವುದು ಮೊದಲ ಭಾಗ ಮಾತ್ರ. ಕಥೆಯ ನಾಲ್ವರು ಅಕ್ಕತಂಗಿಯರಲ್ಲಿ ಒಬ್ಬಳಾದ ಬೆತ್‌ಳ ಸಾವು ಬರುವುದು ಎರಡನೆಯದರಲ್ಲಿ, ಹಾಗಾಗಿ ಮೆತ್ತನೆ ಮನಸ್ಸಿನ ಮಗುವಿಗೆ ಸದ್ಯಕ್ಕೆ ಮೊದಲ ಭಾಗವೇ ಸಾಕು ಎಂದುಕೊಂಡರೂ ತಪ್ಪಿಲ್ಲ.

ಅನುವಾದಿತ ಕೃತಿಯಾದರೆ ಅನುವಾದಕರ ಹೆಸರು ನೋಡದೆ ಕೊಳ್ಳಬೇಡಿ. ಜೂಲ್ಸ್ ವರ್ನ್‌ನ ಜಲಾಂತರ್ಗಾಮಿ ಕಾದಂಬರಿ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ಯ ಮೊದಲ ಇಂಗ್ಲಿಷ್ ಅನುವಾದ ಲೂಯಿಸ್ ಮರ್ಸಿಯರ್ ಮಾಡಿದ್ದು. ಮೂಲದ ಐದರಲ್ಲೊಂದು ಪಾಲಿಗೂ ಹೆಚ್ಚು ಅದರಲ್ಲಿ ಬಿಟ್ಟುಹೋಗಿದೆ, ವಿಜ್ಞಾನದ ಲೆಕ್ಕಗಳಲ್ಲಿ ತಪ್ಪುಗಳೂ ನುಸುಳಿವೆ. ಹಕ್ಕುಸ್ವಾಮ್ಯ ಇಲ್ಲದ್ದರಿಂದ ಅಗ್ಗದ ಮುದ್ರಣಗಳು ಇಂದಿಗೂ ಅದನ್ನೇ ಹೆಸರು ಹಾಕದೆ ಬಳಸುತ್ತವೆ. ಯಂತ್ರದ ಹುಚ್ಚಿರುವ ಮಗುವಿಗೆ ಅದನ್ನು ಕೊಟ್ಟರೆ ಅವನಿಗೆ ಬೇಕಾದ್ದೇ ಇರುವುದಿಲ್ಲ! ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಇ-ಪುಸ್ತಕಗಳ ಜಾಲತಾಣದಲ್ಲಿ ಎಫ್. ಪಿ. ವಾಲ್ಟರ್ ಮಾಡಿರುವ ಪೂರ್ಣ ಅನುವಾದ ಉಚಿತವಾಗಿ ಸಿಗುತ್ತದೆ, ಅದೇ ವಾಸಿ.

ವಿದ್ವತ್ ಆವೃತ್ತಿಗಳ ಮುನ್ನುಡಿ ಕಥೆಯ ಕೊನೆಯನ್ನು ಬಿಟ್ಟುಕೊಡುವುದೇ ಹೆಚ್ಚು. ಅದನ್ನು ಕೊನೆಗೆ ಓದಲು ಹೇಳಿ.

ವಸ್ತುವಿನ ವಿಚಾರಕ್ಕೆ ಬಂದರೆ, ‘ಮಕ್ಕಳ ಪುಸ್ತಕ’ ಎಂಬ ಹಣೆಪಟ್ಟಿ ನಂಬಬೇಡಿ. ಪ್ರಾಣಿಗಳ ಕಥೆಯೆಂದು ‘ದಿ ಕಾಲ್ ಆಫ್ ದಿ ವೈಲ್ಡ್’ (1903) ಕೊಡುತ್ತಾರೆ, ಮೊದಲ ಅಧ್ಯಾಯದಲ್ಲೇ ನಾಯಿಯನ್ನು ದೊಣ್ಣೆಯಿಂದ ಬಡಿದು ಹಣಿಯುವ ದೃಶ್ಯವಿದೆ. ಷರ್ಲಾಕ್ ಹೋಮ್ಸ್‌ನ ಎರಡನೆಯ ಕಾದಂಬರಿ ತೆರೆದುಕೊಳ್ಳುವುದೇ ಅವನು ಕೊಕೇನ್ ಚುಚ್ಚಿಕೊಳ್ಳುವುದರಿಂದ. ಮೊದಲ ಕಾದಂಬರಿಯಲ್ಲಿ ಪತ್ತೇದಾರಿಕೆ ನಡುವೆಯೇ ನಿಂತು ಕಥೆ ಇದ್ದಕ್ಕಿದ್ದಂತೆ ಅಮೆರಿಕಕ್ಕೆ ಹಾರುತ್ತದೆ, ಮಕ್ಕಳು ಬಿಡುವುದು ಅಲ್ಲಿಯೇ. 1892ರ ಮೊದಲ ಕಥಾಸಂಕಲನ ‘ದಿ ಅಡ್ವೆಂಚರ್ಸ್ ಆಫ್ ಷರ್ಲಾಕ್ ಹೋಮ್ಸ್’ನಿಂದ ಶುರುಮಾಡಿ. ಹನ್ನೆರಡು ಕಥೆಗಳಿವೆ, ಒಂದೊಂದೂ ಒಂದೇ ಸಲ ಕೂತು ಮುಗಿಸುವಂಥದ್ದು. ‘ದಿ ರೆಡ್-ಹೆಡೆಡ್ ಲೀಗ್’ ಓದಿದ ಮಗು ಮಿಕ್ಕಿದ್ದನ್ನು ತಾನೇ ಹುಡುಕಿಕೊಂಡು ಹೋಗುತ್ತದೆ.

‘ಟ್ರೆಷರ್ ಐಲೆಂಡ್’ನಲ್ಲೂ ಇಂಥದ್ದೊಂದು ತಿರುವಿದೆ. 16ರಿಂದ 18ನೇ ಅಧ್ಯಾಯದವರೆಗೆ ಕಥೆ ಹೇಳುವುದು ಹುಡುಗ ಜಿಮ್ ಅಲ್ಲ, ಡಾಕ್ಟರು. ಮೊದಲೇ ಒಂದು ಮಾತು ಹೇಳಿಟ್ಟರೆ ಗೊಂದಲವಿರುವುದಿಲ್ಲ.

‘ಹಕಲ್‌ಬೆರಿ ಫಿನ್’ನಲ್ಲಿ ಕರಿಯರನ್ನು ಹೀಗಳೆಯುವ ಬೈಗುಳ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ಅದನ್ನು ಅಳಿಸಿದ ಆವೃತ್ತಿಯನ್ನು ಹುಡುಕುವುದಕ್ಕಿಂತ ಒಂದೆರಡು ವರ್ಷ ಕಾದು, ಗುಲಾಮಗಿರಿ ಏನೆಂದು ಮಗುವಿಗೆ ತಿಳಿದ ಮೇಲೆ ಕೊಡುವುದೇ ಸರಿ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬೇರೆ ಕಾರಣಕ್ಕೆ ಕಾಯಲಿ. ಅದರಲ್ಲಿ ಮಗುವಿಗೆ ಕೂಡದ್ದೇನೂ ಇಲ್ಲ. ಆದರೆ ಮದುವೆ, ಆಸ್ತಿ, ಅಂತಸ್ತಿನ ಮೇಲಿನ ವ್ಯಂಗ್ಯ 11ರಲ್ಲಿ ತಲೆ ಮೇಲೆ ಹಾರಿಹೋಗುತ್ತದೆ. ‘ಬೋರು’ ಎಂದು ಒಮ್ಮೆ ಮುಚ್ಚಿಟ್ಟದ್ದನ್ನು 17ರಲ್ಲಿ ಮತ್ತೆ ತೆರೆಯುವವರು ಕಡಿಮೆ. ಬೇಗ ಕೊಟ್ಟು ಕಳೆದುಕೊಳ್ಳುವ ಪುಸ್ತಕಗಳಲ್ಲಿ ಇದೇ ಮುಂಚೂಣಿ ಎನ್ನಬೇಕು.

ಇಂಗ್ಲಿಷ್ ಪಟ್ಟಿಯಲ್ಲೇ ಮುಳುಗಿದವರು ತೇಜಸ್ವಿಯವರ ‘ಕರ್ವಾಲೊ’ (1980) ಮರೆಯಬಾರದು. ಹಾರುವ ಓತಿಯ ಬೆನ್ನು ಹತ್ತುವ ಕಥೆ, ವಾಕ್ಯ ಸಲೀಸು, ನಗುವೂ ಇದೆ. ವಿಕಾಸವಾದದ ಮಾತು ಬಂದಾಗ ಮಗು ಪ್ರಶ್ನೆ ಹೊತ್ತು ಬರುತ್ತದೆ, ತಯಾರಾಗಿರಿ.

ಒಂದೇ ಪುಸ್ತಕ ಕೈಗಿಡುವ ಬದಲು ಮೂರನ್ನು ಮುಂದಿಡಿ: ಒಂದು ಸಾಹಸದ್ದು, ಒಂದು ಮನೆ-ಮಂದಿಯದ್ದು, ಇನ್ನೊಂದು ಸಣ್ಣಕಥೆಗಳದ್ದು. 50 ಪುಟದ ಹೊತ್ತಿಗೂ ಹಿಡಿಸದಿದ್ದರೆ ಬಿಡಲು ಒಪ್ಪಿಗೆ ಇರಲಿ, ಬಿಟ್ಟ ಪುಸ್ತಕ ಮನೆಯಲ್ಲೇ ಕಣ್ಣಿಗೆ ಬೀಳುವ ಹಾಗಿರಲಿ. ಓದಿ ಮುಗಿಸಿದ ಮೇಲೆ ಸಾರಾಂಶ ಬರೆಸುವುದನ್ನಂತೂ ದಯವಿಟ್ಟು ಬಿಡಿ.