ಕೆಪಿ ಹಸಿರಾಗಿತ್ತು, ಸಹಿ ಹಾಕಿದೆ

ವಿಮಾನಗಳ ಮಾರ್ಗ, ಇಂಧನ ಗೊತ್ತುಮಾಡುವ ಡಿಸ್ಪ್ಯಾಚ್ ಮೇಜಿನಲ್ಲಿ ಒಂಬತ್ತು ವರ್ಷ ಕುಳಿತವನು ಮಾಡಬಾರದ ತಪ್ಪು ಇದು. ಉತ್ತರ ಅಮೆರಿಕಕ್ಕೆ ಹೊರಟಿದ್ದ ನಮ್ಮ ವಿಮಾನಕ್ಕೆ ಧ್ರುವದ ಮಾರ್ಗ ಕೊಟ್ಟೆ. ಸಂಜೆ ಸೂರ್ಯನಲ್ಲಿ ದೊಡ್ಡ ಜ್ವಾಲೆ ಸಿಡಿದದ್ದು ಗೊತ್ತಿತ್ತು. ಹ್ಯಾಂಡ್‌ಓವರ್ ಪುಸ್ತಕದಲ್ಲಿ ಎಸ್‌-1 ಎಂದೂ ಬರೆದಿತ್ತು: ಸೌರ ಪ್ರೋಟಾನ್ ಬಿರುಗಾಳಿಯ ಐದು ಮಟ್ಟಗಳಲ್ಲಿ ಅತಿ ಕೆಳಗಿನದು. ಆದರೆ ತೆರೆಯ ಮೇಲೆ ಭೂಮಿಯ ಕಾಂತಕ್ಷೇತ್ರದ ಕಲಕನ್ನು 0ಯಿಂದ 9ರವರೆಗೆ ಅಳೆಯುವ ಕೆಪಿ ಸೂಚ್ಯಂಕ 2, ಅಚ್ಚ ಹಸಿರು. ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳ ಮೋಡ ಇಲ್ಲಿಗೆ ಮುಟ್ಟಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ಪ್ರಯಾಣಿಕರು ಮನೆ ಸೇರಿರುತ್ತಾರೆ ಎಂದುಕೊಂಡೆ.

ಮೋಡಕ್ಕೆ ಕಾಯದೆ ಮುಂದೆ ಓಡಿ ಬರುವ ಪ್ರೋಟಾನ್‌ಗಳನ್ನು ಮರೆತಿದ್ದೆ. ನಮ್ಮ ತಲೆಯ ಮೇಲೆ ಭೂಮಿಯ ಕಾಂತಕ್ಷೇತ್ರ ಅವನ್ನು ತಡೆಯುತ್ತದೆ. ಧ್ರುವದಲ್ಲಿ ಬಾಗಿಲಿಗೆ ಅಗುಳಿಯೇ ಇಲ್ಲ. 50ರಿಂದ 90 ಕಿಲೋಮೀಟರ್ ಎತ್ತರದಲ್ಲಿರುವ ವಾಯುಮಂಡಲದ ಡಿ ಪದರಕ್ಕೆ ನುಗ್ಗಿ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಮೇಲಿನ ಎಫ್ ಪದರಕ್ಕೆ ತಾಗಿ ಹಿಂದಿರುಗಬೇಕಾದ, ದೂರದ ಮಾತಿಗೆ ಬಳಸುವ ಎಚ್‌ಎಫ್ ರೇಡಿಯೋ ಅಲೆ ನಡುದಾರಿಯಲ್ಲೇ ಕರಗುತ್ತದೆ. ಕಾಂತಕ್ಷೇತ್ರದ ಕಲಕನ್ನಷ್ಟೇ ಅಳೆಯುವ ಕೆಪಿಗೆ ಇದರ ಸುಳಿವೇ ಇರುವುದಿಲ್ಲ.

ರಾತ್ರಿ 2.40ಕ್ಕೆ, ವಿಮಾನದಿಂದ ಬರಹದ ಸಂದೇಶ ತರುವ ಎಕಾರ್ಸ್‌ನಲ್ಲಿ ಕ್ಯಾಪ್ಟನ್ ಸಂದೇಶ: 8 ಮೆಗಾಹರ್ಟ್ಸ್ ಸತ್ತಿದೆ, 11 ಸತ್ತಿದೆ, 13ರಲ್ಲಿ ಬರೀ ಸುಯ್ ಎನ್ನುವ ಸದ್ದು. ಪ್ರೋಟಾನ್ ನಕ್ಷೆ ಹುಡುಕಿದೆ. ನಮ್ಮ ದುಬಾರಿ ಸಾಫ್ಟ್‌ವೇರ್‌ನಲ್ಲಿ ಅದು ಮೂರನೆಯ ಟ್ಯಾಬ್‌ನ ತಳದಲ್ಲಿ, ಇರುವೆಯಂಥ ಅಕ್ಷರಗಳಲ್ಲಿ. ಎಸ್‌-3. ಎಚ್ಚರಿಕೆಯ ಮೇಲ್ ಬಂದೇ ಇತ್ತು, ಯಾರೂ ತೆರೆಯದ ಸಾಮಾನ್ಯ ಖಾತೆಗೆ.

82 ಡಿಗ್ರಿ ಉತ್ತರ ಅಕ್ಷಾಂಶಕ್ಕೆ 17 ನಿಮಿಷ ಉಳಿದಿತ್ತು. ಆ ವಿಮಾನದ ಸ್ಯಾಟ್‌ಕಾಮ್‌ಗೆ ಸಮಭಾಜಕದ ಮೇಲಿನ ಉಪಗ್ರಹಗಳೇ ಗತಿ. ಅಲ್ಲಿಂದಾಚೆ ಅವೂ ಕಾಣುವುದಿಲ್ಲ. ಮೊದಲ ನಾಲ್ಕು ನಿಮಿಷ ಹಾಳುಮಾಡಿದವನು ನಾನೇ. 'ಇನ್ನೊಂದು ಆವರ್ತನ ನೋಡಿ' ಎಂದು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಅದನ್ನೇ ಟೈಪ್ ಮಾಡಿದೆ. ನನ್ನ ಪ್ಲಾನ್ ತಪ್ಪು ಎಂದು ಬರೆಯಲು ಬೆರಳು ಏಳಲಿಲ್ಲ. ಪಕ್ಕದ ಮೇಜಿನ ಮೇಡಂ ಎದ್ದು ಬಂದು ತೆರೆ ನೋಡಿದರು.

"ಮೊದಲು 79 ಡಿಗ್ರಿಗೆ ಇಳಿಸಿ. ಅಳುವುದು ಶಿಫ್ಟ್ ಮುಗಿದ ಮೇಲೆ."

ಹೊಸ ಮಾರ್ಗಕ್ಕೆ 22 ನಿಮಿಷ ಹೆಚ್ಚು. ಇಂಧನದ ಲೆಕ್ಕದಲ್ಲಿ ಮೊದಲ ಸಲ ಒಂದು ಸೊನ್ನೆಯನ್ನೇ ಬಿಟ್ಟಿದ್ದೆ. ಕ್ಯಾಪ್ಟನ್ ಒಪ್ಪಿದರು, ಕೊನೆಗೆ ಒಂದು ಸಾಲು ಸೇರಿಸಿದ್ದರು: ಹೊರಡುವ ಮೊದಲೇ ಹೇಳಿದ್ದರೆ ಎರಡು ಟನ್ ಹೆಚ್ಚು ತುಂಬಿಸಿಕೊಳ್ಳುತ್ತಿದ್ದೆ. ಆ ಸಾಲು ಇಂದಿಗೂ ಚುಚ್ಚುತ್ತದೆ.

ಈಗ ಧ್ರುವದ ಮಾರ್ಗವೆಂದರೆ ಮೊದಲು ಮೂರನೆಯ ಟ್ಯಾಬ್, ಆಮೇಲೆ ಕೆಪಿ. ಎಸ್‌-1 ಕಂಡರೆ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡದೆ ಪೆನ್ನು ಮುಟ್ಟುವುದಿಲ್ಲ.

ಎರಡು ದಿನ ಬಿಟ್ಟು ಮೋಡ ಬಂದು ಬಡಿಯಿತು. ಕೆಪಿ 7, ತೆರೆಯೆಲ್ಲ ಕೆಂಪು. ಎಚ್ಚರವಾಗಿರಿ ಎಂದು ಮೇಲಧಿಕಾರಿಗಳಿಂದ ಎಲ್ಲರಿಗೂ ಮೇಲ್ ಬಂತು. ಪ್ರೋಟಾನ್‌ಗಳು ಆಗಲೇ ಇಳಿಮುಖವಾಗಿದ್ದವು.