ತಲೆ ಹೊಳೆಯುತ್ತಿತ್ತು, ನಡು ಸವೆದಿತ್ತು

ಮಳೆ ಸುರಿಯುತ್ತಿದ್ದ ರಾತ್ರಿ ದೋಣಿಯೊಳಗೆ ಮಲಗಿದ್ದೆ. ಕಿವಿಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಪಕ್ಕಕ್ಕೆ ಸರಿದೆ. ಸ್ವಲ್ಪ ಹೊತ್ತಿಗೆ ಮತ್ತೊಂದು. ಟಾರ್ಚ್ ಹಾಕಿ ನೋಡಿದರೆ, ಡೆಕ್ಕಿನ ಅಂಚಿನ ರೇಲಿಂಗ್ ಕಂಬವನ್ನು ಬಿಗಿದಿದ್ದ ಬೋಲ್ಟೊಂದರ ತುದಿಯಲ್ಲಿ ಕಂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು.

ಬೆಳಿಗ್ಗೆ ಮೇಲೆ ಹೋಗಿ ನೋಡಿದೆ. ಕಂಬದ ಬುಡಕ್ಕೆ ನಾಲ್ಕು ಬೋಲ್ಟ್. ಒಂದರ ಸುತ್ತ ಚಹಾ ಚೆಲ್ಲಿದ ಹಾಗೆ ತುಕ್ಕಿನ ಕಲೆ, ಉಳಿದ ಮೂರೂ ಹೊಸ ಚಮಚದ ಹಾಗೆ ಫಳಫಳ. ಕಲೆ ಇರುವುದೊಂದನ್ನು ಬದಲಿಸಿದರೆ ಸಾಕು, ಮಧ್ಯಾಹ್ನದೊಳಗೆ ಮುಗಿಯುತ್ತದೆ ಅಂದುಕೊಂಡೆ. ಹಳೇ ದೋಣಿ ಇಟ್ಟುಕೊಂಡವರು ಇಂಥ ಲೆಕ್ಕ ಹಾಕಬಾರದು.

ತಮ್ಮ ಮೇಲೆ ಸ್ಕ್ರೂಡ್ರೈವರ್ ಹಿಡಿದು ಕೂತ. ನಾನು ಸಾಮಾನು ತುಂಬುವ ಗೂಡಿನೊಳಗೆ ಬೆನ್ನು ಮುರಿದುಕೊಂಡು ತೂರಿ, ನಟ್ಟಿಗೆ ಸ್ಪ್ಯಾನರ್ ಕೊಟ್ಟೆ. ಕಲೆಯ ಬೋಲ್ಟ್ ತುಸು ಮುನಿಸು ತೋರಿಸಿ ಬಿಟ್ಟುಕೊಟ್ಟಿತು. ಮೈಯಲ್ಲಿ ಅಲ್ಲಲ್ಲಿ ಚುಕ್ಕೆ, ಅಷ್ಟೇ. ಹೇಗೂ ಬಂದಿದ್ದೇವಲ್ಲ ಅಂತ ಪಕ್ಕದ ಹೊಳೆಯುವ ಬೋಲ್ಟಿಗೂ ಕೈ ಹಾಕಿದೆ. ಅರ್ಧ ಸುತ್ತು ಆಗಿರಲಿಲ್ಲ, ಟಕ್ ಅಂತು.

"ಅಣ್ಣಾ, ತಲೆ ನನ್ನ ಕೈಗೇ ಬಂತು!"

ಎರಡು ತುಂಡನ್ನೂ ಅಂಗೈಯಲ್ಲಿ ಜೋಡಿಸಿಟ್ಟು ನೋಡಿದೆವು. ತಲೆಯ ಕೆಳಗಿನ ಭಾಗ ಹೊಸದರಂತಿತ್ತು, ನಟ್ ಕೂತಿದ್ದ ಕಡೆಯೂ ಹಾಗೇ. ನಡುವೆ ಮಾತ್ರ ಇಲಿ ಕಡಿದ ಹಾಗೆ ಕೊರೆದು ಕೊರೆದು ಬೆಂಕಿಕಡ್ಡಿಯಷ್ಟು ಉಳಿದಿತ್ತು. ಹೋದ ತಿಂಗಳು ಅಲೆಗೆ ದೋಣಿ ವಾಲಿದಾಗ ಇದೇ ಕಂಬವನ್ನು ತಬ್ಬಿ ನಿಂತಿದ್ದೆ. ಅದನ್ನು ತಮ್ಮನಿಗೆ ಹೇಳಲಿಲ್ಲ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಂನಿಂದ. ಗಾಳಿಯ ಆಮ್ಲಜನಕ ತಾಗುತ್ತಿದ್ದರೆ ಮೇಲ್ಮೈಯಲ್ಲಿ ತೆಳ್ಳನೆಯ ಆಕ್ಸೈಡ್ ಪದರ ಕಟ್ಟುತ್ತದೆ, ಗೀರಿದರೂ ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ಡೆಕ್ಕಿನಲ್ಲೋ, ಎರಡು ಫೈಬರ್ ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರ. ಬೋಲ್ಟಿನ ಸಂದಿಯಿಂದ ಇಳಿದ ಉಪ್ಪುನೀರು ಆ ಮರದಲ್ಲಿ ವರ್ಷಗಟ್ಟಲೆ ನಿಂತಿತ್ತು. ಅಲ್ಲಿ ಗಾಳಿಯಿಲ್ಲ, ಆ ಪದರವನ್ನು ಕೊರೆಯುವ ಉಪ್ಪಿನ ಕ್ಲೋರೈಡ್ ಮಾತ್ರ ಯಥೇಚ್ಛ. ಪದರ ಒಮ್ಮೆ ಹೋದರೆ ಮತ್ತೆ ಕಟ್ಟುವುದಿಲ್ಲ. ಮಾಲಿಬ್ಡಿನಂ ಎಂಬ ಲೋಹ ಬೆರೆತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಸಾಮಾನ್ಯ 304 ದರ್ಜೆಯದಕ್ಕಿಂತ ಹೆಚ್ಚು ತಾಳುತ್ತದೆ ನಿಜ, ಆದರೆ ಇಂಥ ಕುರುಡು ಸಂದಿಯಲ್ಲಿ ಅದೂ ಸೋಲುತ್ತದೆ.

ಹಾಗಾಗಿ ಬೋಲ್ಟ್ ಬದಲಿಸಿದರೆ ಮುಗಿಯುವ ಕೆಲಸವಾಗಿರಲಿಲ್ಲ. ಮೊಳೆಯೊಂದನ್ನು ಬಗ್ಗಿಸಿ ಡ್ರಿಲ್ಲಿಗೆ ಸಿಕ್ಕಿಸಿ ತೂತಿನೊಳಗೆ ತಿರುಗಿಸಿದೆ. ಎರಡು ಹಾಳೆಗಳ ನಡುವಿಂದ ಕಪ್ಪು ಮರ ನೆನೆದ ರಸ್ಕಿನ ಹಾಗೆ ಉದುರಿತು, ಜತೆಗೆ ಮುಗ್ಗಲು ವಾಸನೆ. ಒಣ ಮರದ ತಿಳಿ ಬಣ್ಣದ ಪುಡಿ ಬರುವತನಕ ಕೆರೆದೆ. ಆಮೇಲೆ ಒಣಗಲು ಬಿಟ್ಟು ಕಾದದ್ದೇ ಕಾದದ್ದು. ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಒದ್ದೆ ಮರದ ಮೇಲೆ ಎಪಾಕ್ಸಿ, ಅಂದರೆ ಆರಿ ಕಲ್ಲಾಗುವ ಅಂಟು, ಸುರಿದರೆ ನೀರನ್ನು ಒಳಗೇ ಮುಚ್ಚಿಟ್ಟ ಹಾಗೆ.

ಒಣಗಿದ ಮೇಲೆ ಕೆಳಗಿಂದ ತೂತಿಗೆ ಟೇಪ್ ಅಂಟಿಸಿ, ಮೊದಲು ತೆಳು ಎಪಾಕ್ಸಿ ಕುಡಿಸಿ, ಆಮೇಲೆ ಪುಡಿ ಬೆರೆಸಿ ಗಟ್ಟಿ ಮಾಡಿದ್ದನ್ನು ತುಂಬಿದೆ. ಮರುದಿನ ಅದರ ನಟ್ಟನಡುವೆ ಹೊಸ ತೂತು. ಇನ್ನು ನೀರು ಇಳಿದರೂ ಮರಕ್ಕೆ ತಾಗದು. ತೂತಿನ ಬಾಯಿಯನ್ನು ಸ್ವಲ್ಪ ಇಳಿಜಾರಾಗಿ ಕೊರೆದು, ಬೋಲ್ಟಿನ ಕುತ್ತಿಗೆಗೆ ನೀರು ತಡೆಯುವ ಮೆತ್ತನೆಯ ರಬ್ಬರಿನಂಥ ಬ್ಯುಟೈಲ್ ಟೇಪ್ ಸುತ್ತಿದೆ. ಹಲಸಿನ ಮೇಣದಷ್ಟೇ ಅಂಟು, ಕೈ ಬಿಡುವುದಿಲ್ಲ. ಡೆಕ್ಕಿನ ಕೆಳಗೆ ನಟ್ಟಿಗೆ ಒತ್ತಾಗಿದ್ದ ಅಲ್ಯೂಮಿನಿಯಂ ಪಟ್ಟಿ ಸ್ಟೀಲಿನ ಸಹವಾಸದಲ್ಲಿ ಬಿಳಿ ಪುಡಿಯಾಗಿ ಉದುರುತ್ತಿತ್ತು. ಅದನ್ನು ಎಸೆದು ದಪ್ಪ ಫೈಬರ್ ಹಲಗೆ ಕೊಟ್ಟೆ.

"ಬೋಲ್ಟ್ ಅಲ್ಲಾಡಬಾರದು, ಗಟ್ಟಿಯಾಗಿ ಹಿಡ್ಕೊ," ಅಂತ ತಮ್ಮನಿಗೆ ಹೇಳಿ ಕೆಳಗಿಂದ ನಟ್ ಮಾತ್ರ ತಿರುಗಿಸಿದೆ. ಬೋಲ್ಟ್ ತಿರುಗಿದರೆ ಕೂತ ಟೇಪ್ ಕಿತ್ತುಬರುತ್ತದೆ. ಒಂದೇ ಏಟಿಗೆ ಬಿಗಿಯದೆ, ಟೇಪ್ ಹಿಂಡಿ ಹೊರಗೆ ಬರುವುದನ್ನು ನೋಡಿಕೊಂಡು ಮೂರು ದಿನ ಚೂರುಚೂರೇ ಬಿಗಿದೆವು.

ಕೊನೆಗೆ ತಮ್ಮ ಮೇಲಿಂದ ಬಕೆಟ್‌ಗಟ್ಟಲೆ ನೀರು ಸುರಿದ. ನಾನು ಕೆಳಗೆ ನಾಲ್ಕೂ ನಟ್ಟಿಗೆ ಟಿಶ್ಯೂ ಪೇಪರ್ ಸುತ್ತಿ ಕಾದೆ. ಒದ್ದೆಯಾಗಲಿಲ್ಲ. ಮೇಲೆ ಬಂದು ನೋಡಿದರೆ ಅವನು ಆಗಲೇ ಪಕ್ಕದ ಕಂಬದ ಬೋಲ್ಟಿಗೆ ಸ್ಕ್ರೂಡ್ರೈವರ್ ಇಟ್ಟಿದ್ದ. ಕಸಿದುಕೊಂಡು ಸ್ಪ್ಯಾನರ್ ಕೈಗೆ ಕೊಟ್ಟೆ. ಈ ಸಲ ಗೂಡಿನೊಳಗೆ ಅವನೇ ತೂರಲಿ.