ತಂಗಿಯ ತೊಟ್ಟಿಯ ಹವಳ

ಜರ್ಮನಿಯಲ್ಲಿರುವ ತಂಗಿ ಭಾನುವಾರ ವಿಡಿಯೊ ಕರೆ ಮಾಡಿದರೆ ನಾನು ಮೊದಲು ವಿಚಾರಿಸುವುದು ಅವಳ ಉಪ್ಪುನೀರಿನ ಮೀನುತೊಟ್ಟಿಯಲ್ಲಿರುವ ಜೀವಂತ ಹವಳದ ಕ್ಷೇಮ. ಸಾಕಣೆ ತೊಟ್ಟಿಯಲ್ಲೇ ಬೆಳೆದ ಕಲ್ಲುಹವಳದಿಂದ ಮುರಿದು, ಸೆರಾಮಿಕ್ ಬಿಲ್ಲೆಗೆ ಅಂಟಿಸಿದ ಹೆಬ್ಬೆರಳಿನಷ್ಟು ಕೊಂಬೆ ಅದು. ಅದಕ್ಕಾಗಿ ಸಮುದ್ರದ ಯಾವ ಹವಳದ ದಿಬ್ಬವನ್ನೂ ಒಡೆದಿಲ್ಲ. ಈಗ ಮೂರು ಕವಲು! ನೀರಿನ ಶಾಖ 25 ಡಿಗ್ರಿ, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ. ಆ ಕ್ಯಾಲ್ಸಿಯಂನಿಂದಲೇ ಹವಳ ತನ್ನ ಸುಣ್ಣದ ಅಸ್ಥಿಪಂಜರ ಕಟ್ಟಿಕೊಳ್ಳುತ್ತದೆ.

ದಾವಣಗೆರೆಯ ನಮ್ಮ ಮನೆಯಲ್ಲೂ ಉಪ್ಪುನೀರಿನ ತೊಟ್ಟಿಯಿದೆ. ಏಪ್ರಿಲ್ ಬಿಸಿಲಿನಲ್ಲಿ ಕರೆಂಟ್ ಹೋದರೆ ಎದೆ ಬಡಿದುಕೊಳ್ಳುತ್ತದೆ. ಸಾಕಣೆಯಲ್ಲೇ ಹುಟ್ಟಿದ ಎರಡು ಕ್ಲೌನ್ ಮೀನುಗಳಿವೆ, ಹವಳವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೆ ಕಲ್ಲುಹವಳವೂ ಇದೆ. ಗುಟ್ಟಾಗಿ ತರಿಸಿಕೊಡುತ್ತೇನೆ ಎಂದ ವ್ಯಾಪಾರಿಗೆ ಬೇಡವೆಂದೆ. ಅದು ತಮಿಳುನಾಡು ಕರಾವಳಿಯ ಮನ್ನಾರ್ ಕೊಲ್ಲಿಯ ಹವಳದ ದಿಬ್ಬದಿಂದ ಕಿತ್ತು ತಂದದ್ದಾಗಿದ್ದರೆ?